ಅಡುಗೆಯ ಅರಿಶಿನವೂ ಅಂಗಡಿಯ ಮಾತ್ರೆಯೂ

ಚಾಮರಾಜನಗರ, ಗುಂಡ್ಲುಪೇಟೆಗಳ ಹೊಲಗಳಲ್ಲಿ ಬೆಳೆಯುವ ಅರಿಶಿನವು ನಮ್ಮ ನಿತ್ಯದ ಅಡುಗೆಯ ಒಡನಾಡಿ. ಅದಕ್ಕೆ ಹಳದಿ ಬಣ್ಣ ನೀಡುವ ಕರ್ಕ್ಯುಮಿನ್ ಎಂಬ ಅಂಶವು ವಿಷವಸ್ತುಗಳ ಹಾನಿಯಿಂದ ಪಿತ್ತಜನಕಾಂಗವನ್ನು ಕಾಪಾಡುವುದು ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ತಿಂದ ಅರಿಶಿನದಿಂದ ರಕ್ತಕ್ಕೆ ಸೇರುವ ಕರ್ಕ್ಯುಮಿನ್ ಅತ್ಯಲ್ಪ. ಇದನ್ನು ಹೆಚ್ಚಿಸಲೆಂದು ಕೆಲವು ಮಾತ್ರೆಗಳಿಗೆ ಕರಿಮೆಣಸಿನ ಸಾರವನ್ನು ಬೆರೆಸುತ್ತಾರೆ. ಅರಿಶಿನದ ಸಿದ್ಧವಸ್ತುಗಳನ್ನು ಸೇವಿಸಿದ 10 ಮಂದಿಯ ಪಿತ್ತಜನಕಾಂಗವು ಹಾನಿಗೊಂಡುದನ್ನು ಅಮೆರಿಕದ ವೈದ್ಯರು 2022ರಲ್ಲಿ ವರದಿ ಮಾಡಿದರು. ಅವರಲ್ಲಿ ಒಬ್ಬರು ಮೃತಪಟ್ಟರು.

ಆದುದರಿಂದ ಸಾರಿಗೆ ಚಿಟಿಕೆ ಅರಿಶಿನ ಹಾಕಲು ನಾವು ಅಂಜಬೇಕಿಲ್ಲ; ವೈದ್ಯರನ್ನು ಕೇಳದೆ ಮಾತ್ರೆ ನುಂಗುವುದು ಬೇಡ. ಕಣ್ಣು ಹಳದಿಯಾದರೆ ಮನೆಮದ್ದಿನಲ್ಲಿ ದಿನ ಕಳೆಯದೆ ರಕ್ತಪರೀಕ್ಷೆ ಮಾಡಿಸೋಣ. ಸೇವಿಸುತ್ತಿರುವ ಗಿಡಮೂಲಿಕೆಗಳನ್ನೂ ವೈದ್ಯರಿಗೆ ಮುಚ್ಚಿಡದೆ ತಿಳಿಸೋಣ.