ಉಂಡೆಯನ್ನು ಹಿಡಿದಿಡುವುದು ಯಾವುದು?

ಓವನ್ ಇಲ್ಲದೆ ಓಟ್ಸ್, ಚಾಕೊಲೇಟ್ ಸೇರಿಸಿ ಉಂಡೆ ಕಟ್ಟುವುದು ಈಗ ಆರೋಗ್ಯಪ್ರಿಯರ ಅಡುಗೆಮನೆಯ ಹೊಸ ಹವ್ಯಾಸ. ಅದಕ್ಕೆ ಮಾವು, ಬಾಳೆ, ಅನಾನಸ್, ಕೊಬ್ಬರಿ ಬಿದ್ದರೆ ‘ಟ್ರಾಪಿಕಲ್’ ಎಂಬ ಬಿರುದು ಬೇರೆ. ಹಿತ್ತಲಲ್ಲೇ ಬಾಳೆ ಗೊನೆ ಹಾಕುವ ನಮಗೆ ಈ ಬಿರುದು ಕೇಳಿ ನಗು ಬರುತ್ತದೆ, ಇರಲಿ. ಇಂಥ ತಿನಿಸು ನಿಜಕ್ಕೂ ಆರೋಗ್ಯಕ್ಕೆ ಒಳ್ಳೆಯದೇ ಎಂದು ಕೇಳುವುದಕ್ಕೆ ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಸಾಣಾಪುರ ತಕ್ಕ ಜಾಗ. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬೆನ್ನಿಗೇ ಹಂಪಿ ಎದುರಿನ ನಡುಗಡ್ಡೆ ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು ಕೆಡವಿದರು. ಆಮೇಲೆ ಹಂಪಿ ನೋಡಲು ಬ್ಯಾಗು ಹೊತ್ತು ಬರುವವರು ಸಾಣಾಪುರ, ಆನೆಗೊಂದಿ ಕಡೆಯ ಹೋಂಸ್ಟೇಗಳಲ್ಲಿ ಇಳಿದುಕೊಳ್ಳುವುದು ಹೆಚ್ಚಿತು. ಅವರ ನಾಲಿಗೆಗೆ ಒಗ್ಗುವ ಮ್ಯೂಸ್ಲಿ, ಪೀನಟ್ ಬಟರ್, ಓಟ್ಸ್ ಕೂಡ ಭತ್ತದ ಗದ್ದೆಯ ಬದುವಿನವರೆಗೂ ಬಂದವು. ಇದೇ ಸೀಮೆಯ ಮನೆಗಳಲ್ಲಿ ನಾಗರ ಪಂಚಮಿ ಬಂತೆಂದರೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟಿನ ಉಂಡಿ ಕಟ್ಟಿ ಡಬ್ಬಿ ತುಂಬುತ್ತಾರೆ. ಅವಕ್ಕೂ ಓವನ್ ಬೇಕಿಲ್ಲ.

ಎರಡನ್ನೂ ಅಕ್ಕಪಕ್ಕ ಇಟ್ಟ ಕೂಡಲೇ ಜಗಳ ಶುರುವಾಗುತ್ತದೆ. ನಮ್ಮ ಉಂಡಿಯ ಮುಂದೆ ಓಟ್ಸ್ ಯಾವ ಲೆಕ್ಕ ಎನ್ನುವವರು ಒಂದು ಕಡೆ. ಓಟ್ಸಿಗೆ ವಿಜ್ಞಾನದ ಬೆಂಬಲವಿದೆ, ನಿಮ್ಮದು ಬರೀ ಬೆಲ್ಲ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಕಾಳನ್ನೇ ನೋಡುತ್ತಾರೆ. ನನ್ನ ಪ್ರಕಾರ ನೋಡಬೇಕಾದ್ದು ಅಂಟನ್ನು. ಉಂಡೆ ಉದುರದಂತೆ ಹಿಡಿದಿಡುವ ಪದಾರ್ಥ ಯಾವುದು, ಎಷ್ಟು ಎಂಬುದರ ಮೇಲೆಯೇ ಅದರ ಆರೋಗ್ಯ ನಿಂತಿದೆ.

ಪಂಚಮಿ ಉಂಡಿಯನ್ನು ಹಿಡಿದಿಡುವುದು ಬೆಲ್ಲ. ಬೆಲ್ಲದಲ್ಲಿ ಖನಿಜಾಂಶ ಒಂದಿಷ್ಟು ಇದ್ದರೂ ಬಹುಪಾಲು ಸಕ್ಕರೆಯೇ. ಪೇಟೆಯ ಓಟ್ಸ್ ಉಂಡೆಯನ್ನು ಹಿಡಿದಿಡುವುದು ಜೇನು, ಖರ್ಜೂರ, ಕರಗಿಸಿದ ಚಾಕೊಲೇಟು. ವಿಶ್ವ ಆರೋಗ್ಯ ಸಂಸ್ಥೆ 2015ರ ಮಾರ್ಗಸೂಚಿಯಲ್ಲಿ ಜೇನನ್ನೂ ಸಕ್ಕರೆಯ ಪಂಕ್ತಿಯಲ್ಲೇ ಕೂರಿಸಿತು. ಹೊರಗಿನಿಂದ ಸೇರುವ ಸಕ್ಕರೆ ದಿನದ ಒಟ್ಟು ಶಕ್ತಿಯ ಶೇ. 10ಕ್ಕಿಂತ ಕೆಳಗಿರಲಿ, ಶೇ. 5ಕ್ಕಿಂತ ಕೆಳಗಿಳಿದರೆ ಇನ್ನೂ ಒಳ್ಳೆಯದು ಎಂದಿತು. ಶೇ. 5 ಎಂದರೆ ಸುಮಾರು 25 ಗ್ರಾಂ. ಹಾಲಿನ ಚಾಕೊಲೇಟಿನ ತೂಕದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಸಕ್ಕರೆ ಇರುತ್ತದೆ. ಖರ್ಜೂರದಲ್ಲಿ ಮೂರನೇ ಎರಡು ಪಾಲು. ಖರ್ಜೂರದ ಜೊತೆ ನಾರೂ ಬರುತ್ತದೆ ಎಂಬುದು ನಿಜ, ಆದರೆ ‘ಸಕ್ಕರೆ ಹಾಕಿಲ್ಲ’ ಎಂದು ಬೋರ್ಡು ಬರೆಯುವ ಮುನ್ನ ಇಷ್ಟು ಲೆಕ್ಕ ಹಾಕಿದರೆ ಚೆನ್ನ. ಇಂಥ ಬೋರ್ಡುಗಳ ಕಾಟ ಎಲ್ಲಿಯವರೆಗೆ ಹೋಯಿತೆಂದರೆ, ಬಾರ್ನ್‌ವಿಟಾದಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಲ್ಲಿ ಮಾರಬೇಡಿ ಎಂದು 2024ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಸೂಚಿಸಬೇಕಾಯಿತು.

ಬೆಲ್ಲದ ಉಂಡಿಯನ್ನು ನಾನು ಹಳಿಯುತ್ತಿಲ್ಲ. ಅದು ಯಾರಿಗೆ, ಯಾವಾಗ ಎಂಬುದು ಮನೆಯಲ್ಲಿ ಗೊತ್ತಿತ್ತು. ಅಂಟಿನುಂಡಿ ಬಾಣಂತಿಗೆ, ಪಂಚಮಿ ಉಂಡಿ ಶ್ರಾವಣಕ್ಕೆ. ದಿನವಿಡೀ ಬಗ್ಗಿ ನಾಟಿ ಹಚ್ಚುವ ಹೆಂಗಸಿಗೆ ಒಂದು ಶೇಂಗಾ ಉಂಡಿ ಯಾವ ಮೂಲೆಗೂ ಸಾಲದು. ಅದೇ ಉಂಡಿ ವರ್ಷವಿಡೀ ಟೀ ಜೊತೆ ಬಂದರೆ, ತಿನ್ನುವವನು ಕುರ್ಚಿ ಬಿಟ್ಟು ಏಳದವನಾದರೆ, ಲೆಕ್ಕ ತಲೆಕೆಳಗಾಗುತ್ತದೆ.

‘ಬೇಯಿಸದ್ದು’ ಎಂಬ ಹೆಮ್ಮೆಯೂ ಅರ್ಧ ಸುಳ್ಳು. ಓಟ್ಸ್‌ನಲ್ಲಿ ಉಳಿದ ಧಾನ್ಯಗಳಿಗಿಂತ ಜಿಡ್ಡು ಹೆಚ್ಚು. ಹಾಗೇ ಬಿಟ್ಟರೆ ಕಮಟು ಹಿಡಿಯುತ್ತದೆಂದು ಗಿರಣಿಯಲ್ಲೇ ಕಾಯಿಸಿ, ಹಬೆಯಲ್ಲಿ ಮೆತ್ತಗೆ ಮಾಡಿ, ಆಮೇಲೆ ಅವಲಕ್ಕಿಯಂತೆ ಒತ್ತುತ್ತಾರೆ. ಯಲಬುರ್ಗಾ, ಕುಷ್ಟಗಿ ಕಡೆ ಸಜ್ಜೆ ಬೀಸಿಸುವವರಿಗೆ ಇದನ್ನು ವಿವರಿಸಬೇಕಿಲ್ಲ: ಸಜ್ಜಿ ಹಿಟ್ಟು ನಾಲ್ಕು ದಿನ ಇಟ್ಟರೆ ಕಹಿಯಾಗುತ್ತದೆ, ಹಾಗಾಗಿ ಬೇಕಾದಷ್ಟೇ ಬೀಸಿಸುತ್ತಾರೆ.

ಓಟ್ಸಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿ. ಅದರಲ್ಲಿ ಬೀಟಾ ಗ್ಲೂಕಾನ್ ಎಂಬ, ನೀರಿನಲ್ಲಿ ಕರಗುವ ನಾರಿದೆ. ದಿನಕ್ಕೆ 3 ಗ್ರಾಂನಷ್ಟು ಹೊಟ್ಟೆಗೆ ಹೋದರೆ ಕೆಟ್ಟ ಕೊಲೆಸ್ಟರಾಲ್ ತುಸು ಇಳಿಯುತ್ತದೆ. ಇದರ ಆಧಾರದ ಮೇಲೆಯೇ 1997ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಓಟ್ಸ್ ಪೊಟ್ಟಣದ ಮೇಲೆ ಹೃದಯಕ್ಕೆ ಒಳ್ಳೆಯದೆಂಬ ಅರ್ಥದ ಮಾತು ಬರೆಯಲು ಒಪ್ಪಿತು. ಆದರೆ 3 ಗ್ರಾಂ ಬೇಕಾದರೆ 75 ಗ್ರಾಂನಷ್ಟು ಓಟ್ಸ್ ತಿನ್ನಬೇಕು. ಒಂದು ಉಂಡೆಯಲ್ಲಿ ಇರುವುದು ಹತ್ತು ಹದಿನೈದು ಗ್ರಾಂ. ಔಷಧಿಯೆಂದು ಐದಾರು ಉಂಡೆ ನುಂಗಿದರೆ ಜೇನು, ಚಾಕೊಲೇಟೂ ಐದಾರು ಪಾಲು ಒಳಗೆ ಹೋದಂತೆಯೇ.

ಸ್ವಾರಸ್ಯ ಇಲ್ಲಿದೆ. ಆ ಬೀಟಾ ಗ್ಲೂಕಾನ್ ನೀರು ಕುಡಿದರೆ ತಾನೇ ಲೋಳೆಯಾಗಿ ಅಂಟಾಗುತ್ತದೆ. ಒಂದು ಬಟ್ಟಲು ಓಟ್ಸನ್ನು ಸಣ್ಣ ಉರಿಯಲ್ಲಿ ಘಮ್ಮೆನ್ನುವವರೆಗೆ ಹುರಿದು, ಅರ್ಧದಷ್ಟನ್ನು ಮಿಕ್ಸಿಯಲ್ಲಿ ತರಿತರಿ ಮಾಡಿ. ಸಿಪ್ಪೆ ಮೇಲೆ ಕಪ್ಪು ಚುಕ್ಕೆ ಎದ್ದ ಬಾಳೆಹಣ್ಣು ಒಂದೆರಡು ಕಿವುಚಿ ಕಲಸಿ ಅರ್ಧ ತಾಸು ಮುಚ್ಚಿಡಿ. ಮೊದಲು ಬೆರಳಿನ ಸಂದಿಯಲ್ಲಿ ಜಾರುತ್ತಿದ್ದ ಮುದ್ದೆ ಆಗ ಬಿಗಿಯಾಗಿರುತ್ತದೆ. ಹುರಿದ ಶೇಂಗಾ ಪುಡಿ, ಒಣಕೊಬ್ಬರಿ ತುರಿ, ಚಿಟಿಕೆ ಉಪ್ಪು, ಒಂದು ಚಮಚ ಕೋಕೋ ಪುಡಿ ಹಾಕಿ ಕಟ್ಟಿದರೆ ಜೇನಿಲ್ಲದೆ, ಬೆಲ್ಲವಿಲ್ಲದೆ ಉಂಡೆ ನಿಲ್ಲುತ್ತದೆ. ನವಣೆ, ಸಜ್ಜೆಯಿಂದ ಇದೇ ಕೆಲಸ ಆಗುವುದಿಲ್ಲ, ಅವುಗಳಲ್ಲಿ ಈ ಲೋಳೆಯಿಲ್ಲ. ಅವನ್ನು ಹುರಿದು ಬೀಸಿ ಕಾಲು ಪಾಲು ಬೆರೆಸಿದರೆ ರುಚಿಯಂತೂ ಏರುತ್ತದೆ. ದೇಸಿ ಅಭಿಮಾನಕ್ಕೆ ಸದ್ಯ ಇಷ್ಟೇ ಜಾಗ.

ಚಾಕೊಲೇಟನ್ನು ಕರಗಿಸಿ ಮೇಲೆ ಸವರುವುದಕ್ಕಿಂತ ಕೋಕೋ ಪುಡಿಯೇ ಲೇಸು ಎನ್ನಲು ಇಲ್ಲಿಯ ಬಿಸಿಲೂ ಒಂದು ಕಾರಣ. ಕೋಕೋ ಬೆಣ್ಣೆ 34 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ಕೊಪ್ಪಳದ ಬೇಸಿಗೆ 40 ದಾಟುತ್ತದೆ. ಆ ಸೆಕೆಯಲ್ಲೂ ಕರಗದೆ ಹೊಳೆಯುವ ಲೇಪ ಕಂಡರೆ ಅದು ಬೇರೆ ವನಸ್ಪತಿ ಕೊಬ್ಬಿನಿಂದ ಮಾಡಿದ ಅಗ್ಗದ ಕಾಂಪೌಂಡ್ ಎಂದು ಅನುಮಾನಿಸಬಹುದು. ಕೋಕೋಗೆ ದೂರ ಹೋಗಬೇಕಿಲ್ಲ, ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲೇ ಅದು ಉಪಬೆಳೆ. ಅಡಿಕೆ, ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊ ಪುತ್ತೂರಿನಲ್ಲಿ 1986ರಿಂದ ಚಾಕೊಲೇಟ್ ಕಾರ್ಖಾನೆ ನಡೆಸುತ್ತಿದೆ.

ಬಾಳೆಹಣ್ಣಿನ ಅಂಟಿಗೆ ಒಂದೇ ಕೊರತೆ: ತಡೆಯುವುದಿಲ್ಲ. ಬೆಲ್ಲದ ಪಾಕ ನೀರನ್ನು ಹಿಡಿದಿಟ್ಟುಕೊಂಡು ಬೂಷ್ಟು ಬರಗೊಡುವುದಿಲ್ಲ, ಹೀಗಾಗಿ ಶೇಂಗಾ ಉಂಡಿ ವಾರಗಟ್ಟಲೆ ಇರುತ್ತದೆ. ಬಾಳೆಯ ಉಂಡೆ ಬೇಸಿಗೆಯಲ್ಲಿ ಸಂಜೆಗೇ ಹುಳಿ ವಾಸನೆ ಹೊಡೆಯುತ್ತದೆ. ತಾಜಾ ಮಾವಿನಹಣ್ಣು ಕತ್ತರಿಸಿ ಹಾಕಿದರಂತೂ ಇನ್ನೂ ಬೇಗ. ಕೊಪ್ಪಳದ ಕೇಸರ್ ಮಾವನ್ನು ತೆಳ್ಳಗೆ ಹೆಚ್ಚಿ ಬಿಸಿಲಿಗೆ ಒಣಗಿಸಿ ಹಾಕಿದರೆ ಆ ತೊಂದರೆ ಕಡಿಮೆ. ಪೊಟ್ಟಣ ಕಟ್ಟಿ ಆರು ತಿಂಗಳು ಮಾರಬೇಕಾದ ಕಂಪನಿಗೆ ಈ ಉಂಡೆ ಆಗಿಬರುವುದಿಲ್ಲ, ಅದು ಮತ್ತೆ ಸಕ್ಕರೆಯ ಪಾಕಕ್ಕೇ ಹೋಗುತ್ತದೆ. ಬೆಳಿಗ್ಗೆ ಕಟ್ಟಿ ಮಧ್ಯಾಹ್ನದೊಳಗೆ ಬಂಡೆ ಹತ್ತಿ ಇಳಿದವರಿಗೆ ಮಾರುವ ಸಾಣಾಪುರದ ಕೆಫೆಗೆ, ಪಂಚಮಿಗೆ ಉಂಡಿ ಕಟ್ಟಿ ಕೈ ಪಳಗಿದ ಊರಿನ ಹೆಂಗಸರಿಗೆ ಇದು ಆಗುವ ವ್ಯಾಪಾರ. ಉಳಿದದ್ದನ್ನು ಮರುದಿನ ಮಾರಬಾರದು. ಆ ನಷ್ಟವನ್ನು ಮೊದಲೇ ಬೆಲೆಯಲ್ಲಿ ಸೇರಿಸಿಕೊಳ್ಳಲಿ.