ನಮ್ಮ ಕಾಲಿಗೂ ಒಂದು ಜೊತೆ ಒಳ್ಳೆಯ ಶೂ ಬೇಕು

ಊರಿಗೆ ಹೋಗುವ ತಿಂಗಳು ಬಂತೆಂದರೆ ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿ ಒಂದು ಪಟ್ಟಿ ಇರುತ್ತದೆ. ಮಗನಿಗೆ ಸ್ಪೋರ್ಟ್ಸ್ ಶೂ, ಮಗಳಿಗೆ ಸ್ಕೂಲ್ ಶೂ, ಉಮ್ಮನಿಗೆ ಮೆತ್ತನೆಯ ಚಪ್ಪಲಿ. ಕಾಗದದ ಮೇಲೆ ಕಾಲಿಟ್ಟು ಗೀರಿದ ಅಳತೆಯ ಫೋಟೋ ಊರಿನಿಂದ ಮೊಬೈಲಿಗೆ ಬಂದಿರುತ್ತದೆ. ಅದನ್ನು ಹಿಡಿದುಕೊಂಡು ನಾಲ್ಕು ಅಂಗಡಿ ಸುತ್ತಿ, ಒಳ್ಳೆಯದನ್ನೇ ನೋಡಿ ಕೊಳ್ಳುತ್ತೇವೆ. ಆದರೆ ಹೀಗೆ ಸುತ್ತುವ ನಮ್ಮ ಕಾಲಲ್ಲಿ ಎಂತ ಉಂಟು? ಎರಡು ವರ್ಷದ ಹಿಂದೆ ಕೊಂಡ, ಸೋಲ್ ಸವೆದು ತೆಳ್ಳಗಾದ ಶೂ. ಇಲ್ಲದಿದ್ದರೆ ರೂಮಿಗೂ ಅಂಗಡಿಗೂ ಒಂದೇ ಆಗಿರುವ ಹವಾಯಿ ಚಪ್ಪಲಿ.

ಗಲ್ಫಿನಲ್ಲಿ ನಮ್ಮವರ ದುಡಿಮೆಯಲ್ಲಿ ದೊಡ್ಡ ಪಾಲು ನಿಂತು ಮಾಡುವ ದುಡಿಮೆ. ಸೂಪರ್ ಮಾರ್ಕೆಟಿನ ಕ್ಯಾಶ್ ಕೌಂಟರ್, ಕ್ಯಾಫಿಟೇರಿಯಾದ ಚಹಾ ಒಲೆ, ಹೋಟೆಲಿನ ಅಡುಗೆಮನೆ, ಗೋದಾಮು, ಕಟ್ಟಡದ ಸೈಟ್, ಆಸ್ಪತ್ರೆಯ ವಾರ್ಡ್, ಸೆಕ್ಯೂರಿಟಿ ಡ್ಯೂಟಿ. ಟೈಲ್ಸ್ ಅಥವಾ ಕಾಂಕ್ರೀಟಿನ ಮೇಲೆ ಹತ್ತು ಹನ್ನೆರಡು ಗಂಟೆ ಕಳೆದವರ ಬಾಯಲ್ಲಿ ಒಂದು ದೂರು ಮತ್ತೆ ಮತ್ತೆ ಕೇಳಿ ಬರುತ್ತದೆ: “ಅಂಗಾಲಿನ ಮುಂದೆ, ಬೆರಳಿನ ಬುಡದಲ್ಲಿ ಉರಿಯುತ್ತದೆ. ಶೂ ಒಳಗೆ ಕಲ್ಲು ಸಿಕ್ಕಿದ ಹಾಗೆ ಆಗುತ್ತದೆ. ಬಿಚ್ಚಿ ಕೊಡವಿದರೆ ಏನೂ ಇಲ್ಲ.” ನಮಾಝಿನಲ್ಲಿ ಬೆರಳು ಮಡಚಿ ಪಾದವನ್ನು ನೆಟ್ಟಗೆ ಇಟ್ಟು ಕುಳಿತುಕೊಳ್ಳುವಾಗ ಈ ನೋವು ಮೊದಲು ಗೊತ್ತಾಗುವವರೂ ಇದ್ದಾರೆ.

ಇದಕ್ಕೆ ವೈದ್ಯರು ಮೆಟಟಾರ್ಸಾಲ್ಜಿಯಾ ಎಂದು ಹೆಸರು ಹೇಳುತ್ತಾರೆ. ನಮ್ಮ ಪಾದದಲ್ಲಿ ಬೆರಳುಗಳ ಹಿಂದೆ ಐದು ಉದ್ದನೆಯ ಎಲುಬುಗಳಿವೆ. ನಡೆಯುವಾಗ ಹಿಮ್ಮಡಿ ಮೇಲೆದ್ದ ಕೂಡಲೇ ಮೈಯ ಭಾರವೆಲ್ಲ ಆ ಎಲುಬುಗಳ ತುದಿಗೆ ಬೀಳುತ್ತದೆ. ಅಲ್ಲಿ ದೇವರು ಕೊಟ್ಟ ಒಂದು ಮೆತ್ತೆ ಇದೆ. ಸೋಲ್ ತೆಳ್ಳಗಾದರೆ ನೆಲದ ಪೆಟ್ಟು ನೇರವಾಗಿ ಆ ಮೆತ್ತೆಗೆ ತಾಗುತ್ತದೆ. ಶೂವಿನ ಮುಂಭಾಗ ಇಕ್ಕಟ್ಟಾದರೆ ಎಲುಬುಗಳು ಒಂದಕ್ಕೊಂದು ಒತ್ತಿ ನಡುವಿನ ನರ ಹಿಸುಕಿದಂತಾಗುತ್ತದೆ. ಮೂರನೆಯ ಮತ್ತು ನಾಲ್ಕನೆಯ ಬೆರಳಿನ ನಡುವೆ ಜುಮ್ಮೆನ್ನುವುದು, ಕರೆಂಟ್ ಹೊಡೆದಂತೆ ಆಗುವುದು ಹೆಚ್ಚಾಗಿ ಇದರಿಂದಲೇ. ಹಿಮ್ಮಡಿ ಎತ್ತರವಾದ ಚಪ್ಪಲಿ ಹಾಕಿದರೆ ಭಾರ ಇನ್ನಷ್ಟು ಮುಂದಕ್ಕೆ ಸರಿಯುತ್ತದೆ. ಇದನ್ನು ಊರಿನಲ್ಲಿರುವ ನಮ್ಮ ಸಹೋದರಿಯರೂ ಗಮನಿಸಬೇಕು.

ನಾವು ಹೇಳಬೇಕಾದ ಮಾತು ಇಷ್ಟೆ: ಈ ನೋವಿಗೆ ಮೊದಲ ಮದ್ದು ಮೆಡಿಕಲ್ ಶಾಪಿನಲ್ಲಿ ಇಲ್ಲ, ಶೂ ಅಂಗಡಿಯಲ್ಲಿ ಇದೆ. ಹಾಗಂತ ದುಬಾರಿ ಶೂ ಎಲ್ಲವೂ ಒಳ್ಳೆಯದಲ್ಲ. ನೋಡಿ ಕೊಳ್ಳುವ ಕ್ರಮ ಗೊತ್ತಿರಬೇಕು.

ಶೂ ಕೊಳ್ಳಲು ಸಂಜೆ ಹೋಗಿ, ಡ್ಯೂಟಿ ಮುಗಿಸಿ ಹೋದರೆ ಇನ್ನೂ ಒಳ್ಳೆಯದು. ದಿನವಿಡೀ ನಿಂತ ಕಾಲು ಸ್ವಲ್ಪ ಊದಿಕೊಂಡಿರುತ್ತದೆ. ಬೆಳಗ್ಗೆ ಸರಿಯಾದ ಶೂ ಸಂಜೆಗೆ ಬಿಗಿಯಾಗುವುದು ಅದಕ್ಕೇ. ಕೆಲಸಕ್ಕೆ ಹಾಕುವ ಸಾಕ್ಸನ್ನೇ ಹಾಕಿಕೊಂಡು ಹೋಗಿ. ಎರಡೂ ಕಾಲಿಗೆ ಹಾಕಿ ನೋಡಿ, ಏಕೆಂದರೆ ಒಂದು ಕಾಲು ಇನ್ನೊಂದಕ್ಕಿಂತ ತುಸು ದೊಡ್ಡದಿರುವುದು ಸಾಮಾನ್ಯ. ದೊಡ್ಡ ಕಾಲಿಗೆ ಸರಿಯಾದದ್ದನ್ನು ತೆಗೆದುಕೊಳ್ಳಿ. ಕುಳಿತು ನೋಡಿದರೆ ಸಾಲದು, ಎದ್ದು ನಿಂತು ಅಂಗಡಿಯೊಳಗೆ ನಾಲ್ಕು ಹೆಜ್ಜೆ ನಡೆಯಿರಿ. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಇರಬೇಕು, ಬೆರಳುಗಳು ಒಳಗೆ ಅಲ್ಲಾಡಬೇಕು. “ಹಾಕ್ತಾ ಹಾಕ್ತಾ ಲೂಸ್ ಆಗ್ತದೆ ಭಾಯಿ” ಎಂದು ಅಂಗಡಿಯವರು ಹೇಳುತ್ತಾರೆ. ಆ ಮಾತನ್ನು ನಂಬಬೇಡಿ. ಅಂಗಡಿಯಲ್ಲಿ ಒತ್ತುವ ಶೂ ಹನ್ನೆರಡು ಗಂಟೆಯ ಡ್ಯೂಟಿಯಲ್ಲಿ ಇನ್ನೂ ಹೆಚ್ಚು ಒತ್ತುತ್ತದೆ.

ಶೂವನ್ನು ಕೈಯಲ್ಲಿ ಹಿಡಿದು ಮಡಚಿ ನೋಡಿ. ಬೆರಳು ಮಡಚುವ ಜಾಗದಲ್ಲಿ ಮಾತ್ರ ಅದು ಬಾಗಬೇಕು. ನಡುವಿನಲ್ಲೇ ಮಡಚಿದರೆ, ಒದ್ದೆ ಬಟ್ಟೆ ಹಿಂಡಿದಂತೆ ತಿರುಚಿದರೆ, ಅದರಲ್ಲಿ ಕಾಲಿಗೆ ಆಧಾರ ಇಲ್ಲ. ಮುಂಭಾಗದ ಸೋಲ್ ದಪ್ಪವಾಗಿರಲಿ, ಹಿಮ್ಮಡಿ ತಗ್ಗಿರಲಿ. ಹಗ್ಗ ಕಟ್ಟುವ ಶೂ ಆದರೆ ಕಾಲು ಊದಿದಾಗ ಸಡಿಲ ಮಾಡಬಹುದು. ಅಡುಗೆಮನೆಯಲ್ಲಿ ದುಡಿಯುವವರು ಜಾರದ ಸೋಲನ್ನೂ ನೋಡಬೇಕು. ಎಣ್ಣೆ, ನೀರು ಬಿದ್ದ ನೆಲದಲ್ಲಿ ಹವಾಯಿ ಚಪ್ಪಲಿ ಹಾಕಿ ಬಿಸಿ ಪಾತ್ರೆ ಹಿಡಿಯುವುದು ಕಾಲಿಗೆ ಮಾತ್ರವಲ್ಲ, ಜೀವಕ್ಕೇ ಅಪಾಯ.

ಸೈಟಿನಲ್ಲಿ, ಗೋದಾಮಿನಲ್ಲಿ ಸೇಫ್ಟಿ ಶೂ ಹಾಕುವವರ ಕಷ್ಟ ಬೇರೆ. ಮುಂದಿರುವ ಸ್ಟೀಲ್ ಟೋಪಿ ಎಷ್ಟು ಹಾಕಿದರೂ ಅಗಲವಾಗುವುದಿಲ್ಲ. ಆದ್ದರಿಂದ ಕಂಪೆನಿ ಶೂ ಕೊಡುವ ದಿನವೇ ಹಾಕಿ ನೋಡಿ, ಇಕ್ಕಟ್ಟಾದರೆ ಬದಲಿಸಿ ಕೇಳಿ. ಕೆಲವು ತಯಾರಿಕೆಯಲ್ಲಿ ಅಗಲ ಪಾದದವರಿಗೆಂದೇ ಬೇರೆ ಅಳತೆ ಇರುತ್ತದೆ. ಉಕ್ಕಿನ ಬದಲು ಹಗುರ ಕಾಂಪೋಸಿಟ್ ಟೋಪಿ ಇರುವ ಶೂಗಳೂ ಸಿಗುತ್ತವೆ. ಸೇಫ್ಟಿ ಶೂ ಎಂದು ಹೆಸರಿದ್ದರೆ ಸಾಲದು, ಐಎಸ್‌ಒ 20345 ಎಂಬ ಗುರುತು ಇದೆಯೇ ನೋಡಿ. ನೋವು ಎಂದು ಸೇಫ್ಟಿ ಶೂ ಬಿಟ್ಟು ಚಪ್ಪಲಿಯಲ್ಲಿ ಸೈಟಿಗೆ ಇಳಿಯುವುದು ಬೇಡವೇ ಬೇಡ.

ಶೂ ಒಳಗೆ ಇಡುವ ಜೆಲ್ ಪ್ಯಾಡಿನ ಬಗ್ಗೆ ಒಂದು ಮಾತು. ಮೆಟಟಾರ್ಸಲ್ ಪ್ಯಾಡ್ ಎಂಬ ಸಣ್ಣ ಉಬ್ಬು ಮೆತ್ತೆಯನ್ನು ನೋವಿರುವ ಜಾಗದ ಅಡಿಗೇ ಇಡಬಾರದು. ಅದರ ಹಿಂದೆ, ಹಿಮ್ಮಡಿಯ ಕಡೆಗೆ ತುಸು ಸರಿಸಿ ಇಡಬೇಕು. ಆಗ ಎಲುಬಿನ ತುದಿಗೆ ಬೀಳುವ ಭಾರ ಹಿಂದಕ್ಕೆ ಹಂಚಿಹೋಗುತ್ತದೆ. ಸೇಫ್ಟಿ ಶೂ ಒಳಗೆ ಏನಾದರೂ ಇಡುವ ಮೊದಲು ಸೇಫ್ಟಿ ಆಫೀಸರನ್ನು ಕೇಳಿಕೊಳ್ಳಿ.

ನೋವಿನ ಮಾತ್ರೆಯ ವಿಷಯದಲ್ಲಿ ಎಚ್ಚರ ಬೇಕು. ಊರಿನಿಂದ ತಂದ ಡೈಕ್ಲೋಫೆನಾಕ್ ನುಂಗಿ ಡ್ಯೂಟಿಗೆ ಹೋಗುವವರು ನಮ್ಮಲ್ಲಿ ಕಡಿಮೆ ಇಲ್ಲ. ದಿನವೂ ಇದನ್ನು ತೆಗೆದುಕೊಂಡರೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡಕ್ಕೂ ಪೆಟ್ಟು ಬೀಳಬಹುದು. ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದ ಮೈಗೆ ಇದು ಇನ್ನೂ ಅಪಾಯ. ಅದರ ಬದಲು ರೂಮಿಗೆ ಬಂದ ಮೇಲೆ ಕಾಲು ಎತ್ತರಕ್ಕಿಟ್ಟು ಮಲಗಿ, ಬಟ್ಟೆಯಲ್ಲಿ ಸುತ್ತಿದ ಐಸನ್ನು ಹತ್ತು ಹದಿನೈದು ನಿಮಿಷ ಇಡಿ. ಕೆಲವು ವಾರವಾದರೂ ನೋವು ಇಳಿಯದಿದ್ದರೆ, ಪಾದದ ಮೇಲ್ಭಾಗ ಊದಿಕೊಂಡರೆ, ಹೆಬ್ಬೆರಳಿನ ಗಂಟು ಕೆಂಪಾಗಿ ಮುಟ್ಟಲಾಗದಷ್ಟು ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು. ಎಲುಬಿನ ಸಣ್ಣ ಬಿರುಕು ಇರಬಹುದು, ಗೌಟ್ ಇರಬಹುದು.

ಶುಗರ್ ಇರುವವರಿಗೆ ಈ ಮಾತು ಎರಡು ಪಟ್ಟು ಅನ್ವಯಿಸುತ್ತದೆ. ಅವರಿಗೆ ನೋವು ಬರುವುದಕ್ಕಿಂತ, ನೋವು ಗೊತ್ತಾಗದೇ ಇರುವುದು ಹೆಚ್ಚು ಅಪಾಯ. ಶೂ ಹಾಕುವ ಮೊದಲು ಒಳಗೆ ಕೈ ಹಾಕಿ ನೋಡಿ. ವುಝೂ ಮಾಡುವಾಗ ಪಾದದ ಅಡಿಯನ್ನೂ ಬೆರಳ ಸಂದುಗಳನ್ನೂ ಒಮ್ಮೆ ಗಮನಿಸಿ, ಸಾಕ್ಸ್ ಹಾಕುವ ಮೊದಲು ಚೆನ್ನಾಗಿ ಒರೆಸಿ. ಗಾಯ, ಗುಳ್ಳೆ, ಬಣ್ಣ ಬದಲಾವಣೆ ಕಂಡರೆ ಅದೇ ದಿನ ಕ್ಲಿನಿಕ್ಕಿಗೆ ಹೋಗಿ. ಕಾಲಾಣಿಯನ್ನು, ದಡ್ಡುಗಟ್ಟಿದ ಚರ್ಮವನ್ನು ಬ್ಲೇಡಿನಿಂದ ಕೆತ್ತುವ ಅಭ್ಯಾಸ ಬಿಡಿ.

ಶೂ ಒಂದೇ ಎಲ್ಲವನ್ನೂ ಸರಿಮಾಡುವುದಿಲ್ಲ. ಕಾಲಿಗೆ ವಿಶ್ರಾಂತಿಯೂ ಬೇಕು, ಅದು ಕಾನೂನಿನಲ್ಲೂ ಇದೆ. ಸೌದಿ ಕಾರ್ಮಿಕ ಕಾನೂನಿನ ಪ್ರಕಾರ ಐದು ಗಂಟೆಗಿಂತ ಹೆಚ್ಚು ಸತತವಾಗಿ ದುಡಿಸುವಂತಿಲ್ಲ, ನಡುವೆ ಕನಿಷ್ಠ 30 ನಿಮಿಷ ಬಿಡುವು ಕೊಡಬೇಕು. ಯುಎಇಯಲ್ಲಿ ಆ ಬಿಡುವು ಒಟ್ಟು ಒಂದು ಗಂಟೆಗೆ ಕಡಿಮೆ ಇರಬಾರದು. ಕೆಲಸದ ಅಪಾಯದಿಂದ ರಕ್ಷಿಸುವ ಸಾಧನಗಳ ಖರ್ಚನ್ನು ಕಾರ್ಮಿಕನ ಸಂಬಳದಿಂದ ಹಿಡಿಯುವಂತಿಲ್ಲ ಎಂದೂ ಸೌದಿ ಕಾನೂನು ಹೇಳುತ್ತದೆ. ಮನೆಕೆಲಸದವರಿಗೆ ಬೇರೆ ನಿಯಮಗಳಿವೆ. ನಮ್ಮ ನೆರೆಯ ಕೇರಳದಲ್ಲಿ ಬಟ್ಟೆ ಅಂಗಡಿಯ ಸೇಲ್ಸ್ ಮಹಿಳೆಯರು ಕುಳಿತುಕೊಳ್ಳುವ ಹಕ್ಕಿಗಾಗಿ ಹೋರಾಡಿದರು. 2018ರಲ್ಲಿ ಅಲ್ಲಿನ ಸರಕಾರ ಕಾನೂನು ತಿದ್ದಿ ಅಂಗಡಿಗಳಲ್ಲಿ ಆಸನ ಕಡ್ಡಾಯ ಮಾಡಿತು. ಒಂದು ಸ್ಟೂಲ್ ಸಿಗುವುದಕ್ಕೂ ಹೋರಾಟ ಬೇಕಾಯಿತು!

ಇಲ್ಲಿ ಮಾಲಕರಾಗಿರುವ ನಮ್ಮವರಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಅನೇಕರು ಇದೇ ಕೌಂಟರಿನ ಹಿಂದೆ ನಿಂತು ಮೇಲೆ ಬಂದವರು. ಕ್ಯಾಶಿಯರಿಗೆ ಒಂದು ಎತ್ತರದ ಸ್ಟೂಲ್, ಚಹಾ ಮಾಡುವವನ ಕಾಲಡಿಗೆ ಒಂದು ದಪ್ಪ ರಬ್ಬರ್ ಮ್ಯಾಟ್, ಗಿರಾಕಿ ಇಲ್ಲದ ಹೊತ್ತಿನಲ್ಲಿ ಕುಳಿತರೆ ಮುಖ ಗಂಟಿಕ್ಕದಿರುವುದು, ಇಷ್ಟು ಸಾಕು. ಕುಳಿತ ಕೆಲಸಗಾರ ಸೋಮಾರಿ ಅಲ್ಲ. ಕಾಲು ಸರಿಯಿದ್ದವನ ಕೈಯೂ ಚುರುಕಾಗಿ ಓಡುತ್ತದೆ.

ದುಡಿಯುವ ಸಹೋದರರಲ್ಲಿ ಇನ್ನೊಂದು ಮಾತು. ನೋವನ್ನು ಮುಚ್ಚಿಡುವುದಕ್ಕೆ ನಮ್ಮಲ್ಲಿ ಕಾರಣಗಳು ಉಂಟು. ಕೆಲಸ ಹೋದರೆ ಎಂಬ ಹೆದರಿಕೆ, ಊರಿಗೆ ಕಳಿಸುವುದರಲ್ಲಿ ಕಡಿಮೆಯಾದರೆ ಎಂಬ ಸಂಕಟ. ಆದರೆ ಮನೆಯ ಸಾಲ, ತಂಗಿಯ ಮದುವೆ, ಮಕ್ಕಳ ಫೀಸು ಎಲ್ಲವೂ ನಿಂತಿರುವುದು ಇದೇ ಎರಡು ಕಾಲಿನ ಮೇಲೆ. ಮುಂದಿನ ಸಂಬಳದಲ್ಲಿ ಊರಿಗೆ ಕಳಿಸುವ ಮೊದಲು ಒಂದು ಜೊತೆ ಶೂಗೆ ಹಣ ಎತ್ತಿಡಿ. ಅದು ಸ್ವಾರ್ಥ ಅಲ್ಲ, ನಾಳೆಯ ದುಡಿಮೆಗೆ ಹಾಕುವ ಬಂಡವಾಳ.

ಊರಿನಲ್ಲಿ ಈ ಪತ್ರಿಕೆ ಓದುವ ಉಮ್ಮಂದಿರೇ, ಸಹೋದರಿಯರೇ, ನಿಮಗೂ ಒಂದು ಕೆಲಸ ಇದೆ. ರಾತ್ರಿ ಫೋನ್ ಬಂದಾಗ “ಊಟ ಆಯ್ತಾ” ಎಂದು ನೀವು ಕೇಳಿಯೇ ಕೇಳುತ್ತೀರಿ. ಇನ್ನು ಮೇಲೆ “ಕಾಲು ಹೇಗುಂಟು” ಎಂದೂ ಕೇಳಿ. “ಏನಿಲ್ಲ, ಸರಿ ಉಂಟು” ಎಂಬ ಉತ್ತರ ಬಂದರೆ ಅಲ್ಲಿಗೇ ಬಿಡಬೇಡಿ, ವೀಡಿಯೋ ಕಾಲಿನಲ್ಲಿ ಶೂ ತೋರಿಸಲು ಹೇಳಿ.