ದಂಡಿನ ಬರಿಗಾಲು

ಬೆಂಗಳೂರಿನ ಹಳೆಯ ತಲೆಮಾರಿನವರ ಬಾಯಲ್ಲಿ ಕಂಟೋನ್ಮೆಂಟಿಗೆ ‘ದಂಡು’ ಎಂದೇ ಹೆಸರು. 1809ರಲ್ಲಿ ಹಲಸೂರಿನ ಕೆರೆಯ ಆಸುಪಾಸಿನಲ್ಲಿ ಬ್ರಿಟಿಷರು ಸೈನ್ಯವನ್ನು ತಂದು ನೆಲೆಗೊಳಿಸಿದಾಗ, ಅವರೊಡನೆ ಕುದುರೆ, ಬ್ಯಾಂಡು, ಇಗರ್ಜಿಗಳೂ ಬಂದವು. ಕಾಲ್ಚೆಂಡು ಬಂದದ್ದು ಅನಂತರ. ಬಂದುದು ಮಾತ್ರ ಮರಳಿ ಹೋಗಲಿಲ್ಲ. ಪಲ್ಟನ್ನುಗಳು ಬಿಡುವಿನ ಸಂಜೆ ಮೈದಾನಕ್ಕೆ ಇಳಿದರೆ, ಸುತ್ತಲಿನ ಹುಡುಗರು ಅಂಚಿನಲ್ಲಿ ನಿಂತು ನೋಡುತ್ತಿದ್ದರು. ಸಿಪಾಯಿಗಳ ಕಾಲಲ್ಲಿ ಬೂಟು, ನೋಡುವವರದು ಬರಿಗಾಲು. ಹೀಗೆ ನೋಡಿ ಕಲಿತವರ ಮಕ್ಕಳು ತಂದೆಯರನ್ನೂ ಮೀರಿಸಿ ಆಡತೊಡಗಿದರು.

ಎಷ್ಟು ಮೀರಿಸಿದರೆಂಬುದಕ್ಕೆ ಮುಂಬಯಿಯ ರೋವರ್ಸ್ ಕಪ್ಪೇ ಸಾಕ್ಷಿ. 1891ರಲ್ಲಿ ಆರಂಭವಾದ ಆ ಪಂದ್ಯಾವಳಿಯಲ್ಲಿ ನಾಲ್ಕು ದಶಕಗಳಿಗೂ ಮೀರಿ ಗೋರಾ ಪಲ್ಟನ್ನುಗಳದೇ ಕಾರುಬಾರು. ಅದನ್ನು ಮುರಿದು 1937ರಲ್ಲಿ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಕಲಕತ್ತೆಯದಲ್ಲ, ಮುಂಬಯಿಯದೂ ಅಲ್ಲ; ಅದು ‘ಬೆಂಗಳೂರು ಮುಸ್ಲಿಮ್ಸ್’. ಮರುವರ್ಷವೂ ಅವರೇ ಗೆದ್ದರು.

ಆ ವರ್ಷಗಳಲ್ಲಿ ಅಹಮದ್ ಖಾನ್ ಎಂಬ ಬಾಲಕನಿಗೆ ಹತ್ತು ಹನ್ನೊಂದರ ಪ್ರಾಯ. 1926ರ ಡಿಸೆಂಬರ್ 24ರಂದು ಬೆಂಗಳೂರಿನಲ್ಲಿ ಹುಟ್ಟಿದ ಈತನ ತಂದೆ ಕಾಲ್ಚೆಂಡಾಟಗಾರರು. ಸಹೋದರರೂ ಅದೇ ಆಟದವರು. ಅಂಥ ಮನೆಯಲ್ಲಿ ಶಿಕ್ಷಕನೆಂಬ ಬೇರೊಬ್ಬ ವ್ಯಕ್ತಿಯ ಅಗತ್ಯವಾದರೂ ಏನು? ಅಹಮದ್ ಮೊದಲು ‘ಬೆಂಗಳೂರು ಕ್ರೆಸೆಂಟ್ಸ್’ ಪರವಾಗಿ ಆಡಿದರು, ಬಳಿಕ ‘ಬೆಂಗಳೂರು ಮುಸ್ಲಿಮ್ಸ್’ ಸೇರಿದರು. 1948ರಲ್ಲಿ ಆ ತಂಡ ಮೂರನೆಯ ಸಲ ರೋವರ್ಸ್ ಕಪ್ ಗೆದ್ದಾಗ ಅವರೂ ತಂಡದಲ್ಲಿದ್ದರು. ಚೆಂಡು ಅವರ ಕಾಲಿಗೆ ಬಂತೆಂದರೆ ಎದುರಾಳಿಯು ಪುಂಗಿಯ ಮುಂದಿನ ಹಾವಿನಂತೆ ಅತ್ತಿತ್ತ ತೂಗುತ್ತ ನಿಲ್ಲುತ್ತಿದ್ದನಂತೆ. ‘ಹಾವಾಡಿಗ’ ಎಂಬ ಬಿರುದು ಅವರಿಗೆ ಅಂಟಿಕೊಂಡಿತು.

ಅದೇ 1948ರಲ್ಲಿ ಲಂಡನ್ ಒಲಿಂಪಿಕ್ ಕೂಟ. ಸ್ವತಂತ್ರ ಭಾರತದ ಮೊತ್ತಮೊದಲ ಒಲಿಂಪಿಕ್ ಕಾಲ್ಚೆಂಡು ತಂಡದಲ್ಲಿ ಮೈಸೂರಿನ ಪಾಲು ದೊಡ್ಡದು. ಗೋಲಿನಲ್ಲಿ ವರದರಾಜ್, ಅವರ ಮುಂದೆ ಬಷೀರ್, ಮುನ್ನಡೆಯಲ್ಲಿ ಧನರಾಜ್, ಸಾರಂಗಪಾಣಿ ರಾಮನ್, ಅಹಮದ್ ಖಾನ್. ಜುಲೈ 31ರಂದು ಇಲ್ಫರ್ಡಿನ ಮೈದಾನದಲ್ಲಿ ಫ್ರಾನ್ಸನ್ನು ಎದುರಿಸಿದಾಗ ಭಾರತೀಯರಲ್ಲಿ ಬಹುಮಂದಿ ಬರಿಗಾಲಿನಲ್ಲೇ ಆಡಿದರು. ಎರಡು ಪೆನಾಲ್ಟಿಗಳು ವ್ಯರ್ಥವಾದವು, 2-1ರ ಸೋಲಾಯಿತು. ಭಾರತದ ಆ ಒಂದು ಗೋಲನ್ನು ಹೊಡೆದವರು ನಮ್ಮ ಬೆಂಗಳೂರಿನ ರಾಮನ್.

ಇಲ್ಲಿಂದ ಕಥೆ ಕಲಕತ್ತೆಗೆ ಸಾಗುತ್ತದೆ. ದಂಡಿನ ಹುಡುಗರ ಮೇಲೆ ಕಲಕತ್ತೆಯ ಕಣ್ಣು ಬಿದ್ದದ್ದು ಅದೇ ಮೊದಲಲ್ಲ. 1934ರಿಂದ ಐದು ವರ್ಷ ಒಂದೇ ಸಮನೆ ಅಲ್ಲಿನ ಲೀಗನ್ನು ಗೆದ್ದ ಮಹಮ್ಮಡನ್ ಸ್ಪೋರ್ಟಿಂಗ್ ತಂಡವು ಬೆಂಗಳೂರಿನಿಂದ ಆಟಗಾರರನ್ನು ಕರೆಸಿಕೊಂಡಿತ್ತು. ಮಳೆ ಬಿದ್ದು ನೆಲ ಒದ್ದೆಯಾದ ದಿನ ತನ್ನ ಆಟಗಾರರಿಗೆ ಬೂಟು ತೊಡಿಸುವ ಬುದ್ಧಿವಂತಿಕೆಯನ್ನು ತೋರಿದ ತಂಡವೂ ಅದೇ. ಈ ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈಸ್ಟ್ ಬೆಂಗಾಲ್ ಕ್ಲಬ್ಬಿನ ಕಾರ್ಯದರ್ಶಿ ಜ್ಯೋತಿಷಚಂದ್ರ ಗುಹ ಅವರದು ಪ್ರತಿಭೆಯನ್ನು ದೂರದಿಂದಲೇ ಮೂಸುವ ಮೂಗು. ಇಂದು ವಿದೇಶದ ಕ್ಲಬ್ಬುಗಳು ‘ಸ್ಕೌಟ್’ ಎಂಬ ಹೆಸರಿನಿಂದ ಸಂಬಳ ಕೊಟ್ಟು ಇರಿಸಿಕೊಳ್ಳುವ ಮನುಷ್ಯನ ಕೆಲಸವನ್ನೇ ಅವರು ಅಂದು ಮಾಡಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹಮದ್ ಖಾನ್, ಸಾಲೇ ಎಂಬ ಐವರು ಅವರ ಕ್ಲಬ್ಬಿನ ಮುನ್ಪಡೆಯಾದರು. ಐವರೂ ದಕ್ಷಿಣದವರು. ವಂಗದ ಜನ ಅವರನ್ನು ‘ಪಂಚಪಾಂಡವರು’ ಎಂದು ಕರೆದು ತಲೆಯ ಮೇಲೆ ಹೊತ್ತು ಮೆರೆಸಿದರು. ಅಹಮದ್ ಸೇರಿದ 1949ರಲ್ಲೇ ಲೀಗ್, ಶೀಲ್ಡ್, ರೋವರ್ಸ್ ಕಪ್ ಮೂರೂ ಈಸ್ಟ್ ಬೆಂಗಾಲಿಗೆ ದಕ್ಕಿದವು. 1949, 50, 51ರಲ್ಲಿ ಸತತ ಮೂರು ಸಲ ಐ.ಎಫ್.ಎ. ಶೀಲ್ಡ್ ಅವರ ಪಾಲಾಯಿತು. ಅಹಮದ್ ಹತ್ತು ವರ್ಷ ಅಲ್ಲೇ ಉಳಿದರು.

ದಂಡಿನವರಿಗೆ ಇದರಿಂದ ಹೆಮ್ಮೆಯಾಯಿತೆ, ನಷ್ಟವಾಯಿತೆ? ಎರಡೂ ಆಯಿತೆನ್ನಬೇಕು. ಒಳ್ಳೆಯ ಮಗ ಪರಸ್ಥಳಕ್ಕೆ ಹೋಗಿ ಹೆಸರು ಗಳಿಸಿದರೆ ತಾಯಿಗೆ ಆಗುವಂಥದೇ. ಆದರೂ ಆ ನೆಲ ಬಂಜೆಯಾಗಲಿಲ್ಲ. 1946-47ರಲ್ಲಿ ಬೆಂಗಳೂರಿನಲ್ಲಿ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿದ್ದ ಮೈಸೂರು, 1952-53ರಲ್ಲಿ ಮತ್ತೆ ಬೆಂಗಳೂರಿನಲ್ಲೇ, ಮತ್ತೆ ಅದೇ ಬಂಗಾಳವನ್ನು ಮಣಿಸಿತು. ಕೊಟ್ಟ ಮೇಲೂ ಉಳಿದದ್ದು ಅಷ್ಟಿತ್ತು!

ಗುರುತಿಸುವ ಕಣ್ಣು ಬೇರೆ, ಕಲಿಸುವ ಕೈ ಬೇರೆ. ಅಹಮದರಂಥವರನ್ನು ಗುರುತಿಸಲು ಕಲಕತ್ತೆಯಲ್ಲಿ ಜನರಿದ್ದರು. ಹೊರಗಿನ ಪ್ರಪಂಚದ ಒರಟು ನೆಲಕ್ಕೂ ಚಳಿಗೂ ಅವರನ್ನು ಸಿದ್ಧಗೊಳಿಸುವ ಚಿಂತೆ ಅಂದು ಬಹುಮಂದಿಗೆ ಇರಲಿಲ್ಲ. ಆ ಚಿಂತೆ ಇದ್ದ ಒಬ್ಬರು ಹೈದರಾಬಾದಿನಲ್ಲಿದ್ದರು: ಸೈಯದ್ ಅಬ್ದುಲ್ ರಹೀಮ್. ವೃತ್ತಿಯಿಂದ ಶಾಲಾ ಉಪಾಧ್ಯಾಯರು. 1950ರಿಂದ ಹೈದರಾಬಾದ್ ಪೊಲೀಸ್ ತಂಡವೂ ಭಾರತ ತಂಡವೂ ಅವರ ಕೈಯಲ್ಲಿದ್ದವು. ಚೆಂಡನ್ನು ಕಾಲಲ್ಲೇ ಇಟ್ಟುಕೊಂಡು ಕುಣಿಸುವುದನ್ನು ನಿಷೇಧಿಸಿ ಪಂದ್ಯಗಳನ್ನು ಏರ್ಪಡಿಸುವುದು, ದುರ್ಬಲವಾದ ಕಾಲಿನಿಂದಲೇ ಆಡಿಸುವುದು ಅವರ ಪಾಠಕ್ರಮ. ಹಾವಾಡಿಗನ ವಿದ್ಯೆಗೂ ಈ ಮೇಷ್ಟರ ವಿದ್ಯೆಗೂ ಎಣ್ಣೆ ಸೀಗೇಕಾಯಿ ಸಂಬಂಧವೆಂದು ಯಾರಿಗಾದರೂ ತೋರೀತು. ಆದರೆ 1951ರಲ್ಲಿ ದೆಹಲಿಯ ಪ್ರಥಮ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1-0ರಿಂದ ಸೋಲಿಸಿ ಚಿನ್ನ ಗೆದ್ದ ರಹೀಮರ ತಂಡದಲ್ಲಿ ಅಹಮದ್ ಖಾನರೂ ಇದ್ದರು.

ಮುಂದಿನ ವರ್ಷ ಹೆಲ್ಸಿಂಕಿ. 1952ರ ಜುಲೈ 15ರಂದು ಯುಗೋಸ್ಲಾವಿಯದ ಎದುರು ಭಾರತಕ್ಕೆ ಆದದ್ದು 10-1ರ ಸೋಲು. ಉತ್ತರದೇಶದ ಚಳಿ, ನಮ್ಮ ಬಹುತೇಕ ಆಟಗಾರರ ಕಾಲಿಗೆ ಬೂಟಿಲ್ಲ, ಎದುರಾಳಿಗಳ ಬೂಟಿಗೆ ಮೊಳೆ. ಹದಿನೆಂಟು ವರ್ಷಗಳ ಹಿಂದೆಯೇ ಕಲಕತ್ತೆಯ ಮಳೆಯಲ್ಲಿ ಒಂದು ಕ್ಲಬ್ಬು ಕಂಡುಕೊಂಡಿದ್ದ ಸರಳ ಸತ್ಯವನ್ನು ಇಡೀ ದೇಶ ಕಲಿಯಲು ಹತ್ತು ಗೋಲುಗಳನ್ನು ತಿನ್ನಬೇಕಾಯಿತು. ಅನಂತರವೇ ಅಖಿಲ ಭಾರತ ಫೆಡರೇಷನ್ ಬೂಟನ್ನು ಕಡ್ಡಾಯಗೊಳಿಸಿತು. ಬರಿಗಾಲಿನ ಆಟವನ್ನು ಕಾವ್ಯಮಯವಾಗಿ ಕೊಂಡಾಡುವವರು ಈ ಪಂದ್ಯವನ್ನು ಮರೆಯುವುದು ಸರಿಯಲ್ಲ. ಹಾಗೆಯೇ, ಆ ದಿನ 89ನೆಯ ನಿಮಿಷದಲ್ಲಿ, ಎಲ್ಲವೂ ಮುಗಿದುಹೋದ ಮೇಲೆ, ಭಾರತದ ಏಕೈಕ ಗೋಲನ್ನು ಹೊಡೆದವರು ಅಹಮದ್ ಖಾನ್ ಎಂಬುದನ್ನು ಬರಿಗಾಲನ್ನು ಹಳಿಯುವವರು ಮರೆಯುವುದೂ ಸರಿಯಲ್ಲ.

ರಹೀಮರು ಪಾಠ ಕಲಿತರು, ಕಲಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸಿನಲ್ಲಿ ಅವರ ತಂಡ ಆತಿಥೇಯ ಆಸ್ಟ್ರೇಲಿಯವನ್ನು 4-2ರಿಂದ ಕೆಡವಿ ಸೆಮಿಫೈನಲ್ ಮುಟ್ಟಿ ನಾಲ್ಕನೆಯ ಸ್ಥಾನ ಪಡೆಯಿತು. ಆ ತಂಡದ ಹಾಫ್‌ಬ್ಯಾಕ್ ಕೆಂಪಯ್ಯ ಮೈಸೂರಿನವರು. 1960ರಲ್ಲಿ ರೋಮಿಗೂ ಅವರು ಹೋದರು. 1962ರಲ್ಲಿ ಜಕಾರ್ತದಲ್ಲಿ ಚಿನ್ನ ಗೆದ್ದ ಬಳಗದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಕುಳ್ಳಗೆ, ಚುರುಕಾಗಿ, ಸಂದಿಯಲ್ಲಿ ನುಸುಳುವ ಅವರಿಗೆ ಕಲಕತ್ತೆಯ ಪ್ರೇಕ್ಷಕರು ಇಟ್ಟ ಹೆಸರು ‘ಬೇಬಿ ಟ್ಯಾಕ್ಸಿ’. ಜಕಾರ್ತದ ಗೆಲುವಿನ ಮರುವರ್ಷ, 1963ರ ಜೂನ್ 11ರಂದು, ರಹೀಮರು ಕ್ಯಾನ್ಸರಿನಿಂದ ತೀರಿಕೊಂಡರು. ಅಂಥ ಇನ್ನೊಬ್ಬ ಮೇಷ್ಟರು ದೇಶಕ್ಕೆ ದೊರೆತಿಲ್ಲವೆನ್ನುವವರು ಈಗಲೂ ಉಂಟು.

ಮೈಸೂರು 1967-68ರಲ್ಲಿಯೂ 1968-69ರಲ್ಲಿಯೂ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆಮೇಲೆ ಬಂದದ್ದು ದೀರ್ಘವಾದ ಬರ. ಆಟ ಮಾತ್ರ ಗಲ್ಲಿಗಳಲ್ಲಿ ಉಳಿದುಕೊಂಡಿತು. ಹಲಸೂರಿನ ಗೌತಮಪುರಕ್ಕೆ ಹೋದವರು ಅಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾರ ಪ್ರತಿಮೆಗಳ ಸಾಲಿನಲ್ಲಿ ಬ್ರೆಜಿಲಿನ ಪೆಲೆಯೂ ನಿಂತಿರುವುದನ್ನು ಕಾಣಬಹುದು. 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್.ಸಿ. ತನ್ನ ಮೊದಲ ಪಂದ್ಯಗಳನ್ನು ಅಶೋಕನಗರದ ಕ್ರೀಡಾಂಗಣದಲ್ಲಿ ಆಡಿ, ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಾಗ, ಹೊರಗಿನಿಂದ ಬಂದ ತರಬೇತುದಾರರೂ ಆಟಗಾರರೂ ಈ ಊರಿಗೆ ಕೀರ್ತಿ ತಂದರು. ಹಿಂದೆ ಇಲ್ಲಿಂದ ಹೊರಕ್ಕೆ ಹರಿಯುತ್ತಿದ್ದ ನೀರು ಈಗ ಒಳಕ್ಕೆ ಹರಿಯುವಂತಾಯಿತು.

ಅಹಮದ್ ಖಾನರು ನಿವೃತ್ತಿಯ ಅನಂತರ ಬೆಂಗಳೂರಿಗೆ ಮರಳಿದ್ದರು. 2017ರ ಆಗಸ್ಟ್ 27ರಂದು ತಮ್ಮ ತೊಂಬತ್ತರ ಪ್ರಾಯದಲ್ಲಿ ಇಲ್ಲಿಯೇ ಕಾಲವಾದರು. ಐದೂವರೆ ವರ್ಷಗಳ ಬಳಿಕ, 2023ರ ಮಾರ್ಚ್ 4ರಂದು, ಸೌದಿ ಅರೇಬಿಯದ ರಿಯಾದಿನಲ್ಲಿ ನಡೆದ ಅಂತಿಮ ಪಂದ್ಯದಲ್ಲಿ ರವಿಬಾಬು ರಾಜು ತರಬೇತಿಗೊಳಿಸಿದ ಕರ್ನಾಟಕ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ಮೇಲೆ ಸಂತೋಷ್ ಟ್ರೋಫಿಯನ್ನು ಮನೆಗೆ ತಂದಿತು.